ಸಿಎಂಟಿ ಮತ್ತು ಹಗಲಿನ ಸುಸ್ತು: ಮೊಡಾಫಿನಿಲ್ ಕೇಳುವ ಮೊದಲು, ಶುರು ಮಾಡಿದ ಮೇಲೆ

ಸಿಎಂಟಿ, ಅಂದರೆ ಶಾರ್ಕೋ-ಮೇರಿ-ಟೂತ್ ಎಂಬ ವಂಶದಲ್ಲಿ ಬರುವ ನರದ ಕಾಯಿಲೆ, ಇರುವವರು ಡಾಕ್ಟರ ಮುಂದೆ ಕೂತು "ಸುಸ್ತು" ಅಂದರೆ ಸಾಮಾನ್ಯವಾಗಿ ಎರಡರಲ್ಲಿ ಒಂದು ನಡೆಯುತ್ತದೆ. ಒಂದೋ ಬಿ ಕಾಂಪ್ಲೆಕ್ಸ್ ಬರೆದುಕೊಡುತ್ತಾರೆ, ಇಲ್ಲವೇ "ಈ ಕಾಯಿಲೆಯಲ್ಲಿ ಇದು ಇದ್ದದ್ದೇ" ಅನ್ನುತ್ತಾರೆ. ಈಚೆಗೆ ಮೂರನೆಯದೊಂದು ಸೇರಿಕೊಂಡಿದೆ. ಮೊಡಾಫಿನಿಲ್ ಬಗ್ಗೆ ಎಲ್ಲೋ ಓದಿಕೊಂಡು ಬಂದ ರೋಗಿಯೇ "ನನಗೂ ಅದನ್ನೇ ಕೊಡಿ" ಎಂದು ಕೇಳುವುದು.

ಆ ಮಾತ್ರೆ ಕೆಲವರಿಗೆ ನಿಜವಾಗಿಯೂ ಉಪಯೋಗಕ್ಕೆ ಬರುತ್ತದೆ. ಆದರೆ ಅದು ಎಚ್ಚರ ಇಡುವ ಮಾತ್ರೆ, ಶಕ್ತಿ ಕೊಡುವ ಮಾತ್ರೆ ಅಲ್ಲ. ನಿಮ್ಮ ತೊಂದರೆ ತೂಕಡಿಕೆಯಾಗಿದ್ದರೆ ಕೆಲಸ ಮಾಡುವ ಸಾಧ್ಯತೆ ಇದೆ. ಕಾಲು ಸೋತು ಕೂರುವುದಾಗಿದ್ದರೆ ದುಡ್ಡು ದಂಡ. ಈ ಬರಹದಲ್ಲಿ ಹೇಳುವ ಹಂತಗಳ ಉದ್ದೇಶ ಇಷ್ಟೇ: ಇವೆರಡನ್ನು ಬೇರೆ ಮಾಡಿಕೊಳ್ಳುವುದು, ಸುಲಭವಾಗಿ ಸರಿಹೋಗುವ ಕಾರಣಗಳನ್ನು ಮೊದಲು ಮುಗಿಸುವುದು, ಆಮೇಲೂ ಮಾತ್ರೆ ಬೇಕಾದರೆ ಅದನ್ನು ಸರಿಯಾಗಿ ಬಳಸುವುದು. ಎಷ್ಟು ಮಿಲಿಗ್ರಾಂ, ಎಷ್ಟು ದಿನ ಎಂಬುದು ನಿಮ್ಮ ನರರೋಗ ತಜ್ಞರ ತೀರ್ಮಾನ.

ಈ ಕಾಯಿಲೆಯಲ್ಲಿ ಸುಸ್ತು ಎಲ್ಲಿಂದ ಬರುತ್ತದೆ

ಶಾರ್ಕೋ-ಮೇರಿ-ಟೂತ್ ಕಾಯಿಲೆಯನ್ನು 1886ರಲ್ಲಿ ಮೂವರು ವೈದ್ಯರು ವಿವರಿಸಿದರು. ಪ್ಯಾರಿಸ್‌ನಲ್ಲಿ ಶಾರ್ಕೋ ಮತ್ತು ಮೇರಿ, ಇಂಗ್ಲೆಂಡಿನಲ್ಲಿ ಟೂತ್. ಸುಮಾರು 2500 ಜನರಲ್ಲಿ ಒಬ್ಬರಿಗೆ ಇದು ಇರುತ್ತದೆ ಎಂಬ ಅಂದಾಜಿದೆ. ಜಾಸ್ತಿ ಕಾಣುವುದು 1ಎ ಬಗೆ. ಅದರಲ್ಲಿ 17ನೇ ಕ್ರೋಮೋಸೋಮಿನ ಪಿಎಂಪಿ22 ಎಂಬ ಜೀನ್ ಒಂದು ಪ್ರತಿ ಹೆಚ್ಚಿಗೆ ಇರುತ್ತದೆ. ತಂದೆಗೋ ತಾಯಿಗೋ ಇದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. ನರದ ಮೇಲಿನ ಮಯಲಿನ್ ಹೊದಿಕೆ ಕೆಟ್ಟು ಸಂದೇಶ ನಿಧಾನವಾಗುತ್ತದೆ. ಎನ್‌ಸಿವಿ ಟೆಸ್ಟಿನಲ್ಲಿ ಕೈ ನರದ ವೇಗ ಸೆಕೆಂಡಿಗೆ 38 ಮೀಟರಿಗಿಂತ ಕಡಿಮೆ ಬಂದರೆ ಅದನ್ನು ಈ ಗುಂಪಿಗೆ ಸೇರಿಸುತ್ತಾರೆ.

ಪಾದ, ಮೊಣಕಾಲಿನ ಕೆಳಗಿನ ಸ್ನಾಯುಗಳು ಸೊರಗುತ್ತವೆ. ಮುಂಗಾಲು ಮೇಲೇಳದೆ ಎಡವುತ್ತದೆ. ಎಡವಬಾರದೆಂದು ಪ್ರತಿ ಹೆಜ್ಜೆಗೂ ಮಂಡಿಯನ್ನು ಎತ್ತಿ ಎತ್ತಿ ಇಡಬೇಕು. ಅಂದರೆ ಬೇರೆಯವರು ನಡೆಯುವಷ್ಟೇ ದೂರಕ್ಕೆ ನಿಮ್ಮ ಮೈ ಜಾಸ್ತಿ ಖರ್ಚು ಮಾಡುತ್ತದೆ, ಅದೂ ಕಡಿಮೆ ಸ್ನಾಯು ಇಟ್ಟುಕೊಂಡು. ಇದು ಒಂದು ಬಗೆಯ ಸುಸ್ತು.

ಇನ್ನೊಂದು ರಾತ್ರಿಯಲ್ಲಿ ಹುಟ್ಟುತ್ತದೆ. ಸಿಎಂಟಿ ಇರುವವರಲ್ಲಿ ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆಯೂ, ಮಲಗಿದಾಗ ಕಾಲು ಸುಮ್ನೆ ಇಡಲಾಗದಂಥ ಚಡಪಡಿಕೆಯೂ ಬೇರೆಯವರಿಗಿಂತ ಹೆಚ್ಚು ಕಾಣುತ್ತವೆ. ನೋವು, ರಾತ್ರಿಯ ಸೆಳೆತ ಬೇರೆ. ರಾತ್ರಿ ಹಾಳಾದರೆ ಹಗಲು ತೂಕಡಿಸುತ್ತೇವೆ, ಅಲ್ವಾ. ನೋಡುವವರಿಗೆ ಎರಡೂ ಒಂದೇ ಥರ ಕಾಣುತ್ತವೆ. ಮದ್ದು ಮಾತ್ರ ಬೇರೆ ಬೇರೆ.

ಹಂತ 1: ತೂಕಡಿಕೆಯೋ, ಮೈ ಸೋಲುವುದೋ

ಎರಡು ವಾರ ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ದೊಡ್ಡ ಬರವಣಿಗೆ ಬೇಡ. ಮಲಗಿದ ಹೊತ್ತು, ಎದ್ದ ಹೊತ್ತು, ರಾತ್ರಿ ಎಷ್ಟು ಸಲ ಎಚ್ಚರ, ಹಗಲು ಯಾವಾಗ ಸುಸ್ತು, ಅದಕ್ಕೆ ಮುಂಚೆ ಏನು ಮಾಡುತ್ತಿದ್ದಿರಿ, ಅರ್ಧ ಗಂಟೆ ಕೂತರೆ ಏನಾಯಿತು. ಕೊನೆಯದೇ ಮುಖ್ಯ. ಕೂತ ತಕ್ಷಣ ಕಣ್ಣು ಎಳೆದರೆ ತೂಕಡಿಕೆ. ಕೂತ ಮೇಲೆ ಕಾಲು ಹಗುರಾಗಿ, ತಲೆ ಚುರುಕಾಗೇ ಇದ್ದರೆ ಸ್ನಾಯುಗಳ ಸೋಲು. ಮಾರ್ಕೆಟ್ಟಿಗೆ ಹೋಗಿ ಬಂದ ದಿನ ಮಾತ್ರ ಬಂದರೂ ಸ್ನಾಯುಗಳದೇ. ಮನೆಯಲ್ಲೇ ಇದ್ದ ಭಾನುವಾರವೂ ಟೀವಿ ಮುಂದೆ ನಿದ್ದೆ ಹೊಡೆದರೆ ಮತ್ತೆ ತೂಕಡಿಕೆಯ ಕಡೆಗೆ ನೋಡಬೇಕು.

ಇದಕ್ಕೆ ಅಂಕಿಯನ್ನೂ ಕೊಡಬಹುದು. ಮೆಲ್ಬರ್ನ್‌ನ ಡಾ. ಮರ್ರೇ ಜಾನ್ಸ್ 1991ರಲ್ಲಿ ಮಾಡಿದ ಎಪ್‌ವರ್ತ್ ಸ್ಕೇಲ್ ಎಂಬ ಪ್ರಶ್ನಾವಳಿ ಇದೆ. ಓದುವಾಗ, ಟೀವಿ ನೋಡುವಾಗ, ಸಭೆಯಲ್ಲಿ ಸುಮ್ಮನೆ ಕೂತಾಗ, ಗಂಟೆಗಟ್ಟಲೆ ಗಾಡಿಯಲ್ಲಿ ಹೋಗುವಾಗ, ಮಧ್ಯಾಹ್ನ ಅಡ್ಡಾದಾಗ, ಯಾರ ಜೊತೆಗಾದರೂ ಮಾತಾಡುವಾಗ, ಊಟ ಆದ ಮೇಲೆ, ಟ್ರಾಫಿಕ್ಕಿನಲ್ಲಿ ನಿಂತಾಗ. ಈ 8 ಸಂದರ್ಭಗಳಲ್ಲಿ ಜೊಂಪು ಹತ್ತುವ ಸಾಧ್ಯತೆಗೆ 0ಯಿಂದ 3ರವರೆಗೆ ಅಂಕ ಹಾಕಬೇಕು. ಒಟ್ಟು 24. ಹತ್ತಕ್ಕಿಂತ ಜಾಸ್ತಿ ಬಂದರೆ ಹಗಲಿನ ನಿದ್ದೆ ಮಿತಿ ಮೀರಿದೆ ಎಂದರ್ಥ. ಮಧ್ಯಾಹ್ನ ಮುದ್ದೆ ಉಂಡು ಅಡ್ಡಾದಾಗ ನಿದ್ದೆ ಬಂದರೆ ಗಾಬರಿ ಬೇಡ, ಅದು ಎಲ್ಲರಿಗೂ ಬರುತ್ತದೆ. ಎದುರಿಗಿದ್ದವರು ಮಾತಾಡುತ್ತಿರುವಾಗಲೇ ಕಣ್ಣು ಮುಚ್ಚಿಹೋಗುವುದು ಬೇರೆ ವಿಷಯ.

ಮೈಯ ಸುಸ್ತಿಗೆ ಫಟೀಗ್ ಸಿವಿಯಾರಿಟಿ ಸ್ಕೇಲ್ ಇದೆ. 9 ಹೇಳಿಕೆಗಳು, ಒಂದೊಂದಕ್ಕೂ 1ರಿಂದ 7. ಸರಾಸರಿ 4 ದಾಟಿದರೆ ಗಮನ ಕೊಡಬೇಕು. ಎರಡನ್ನೂ ತುಂಬಿ ನೋಟ್‌ಬುಕ್ಕಿಗೆ ಅಂಟಿಸಿ. ಡಾಕ್ಟರಿಗೆ ಐದು ನಿಮಿಷದಲ್ಲಿ ವಿಷಯ ಮುಟ್ಟಿಸಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಗೊತ್ತಿಲ್ಲ.

ಹಂತ 2: ರಕ್ತ ಪರೀಕ್ಷೆ

ಹಿಮೋಗ್ಲೋಬಿನ್, ಫೆರಿಟಿನ್ (ಮೈಯಲ್ಲಿನ ಕಬ್ಬಿಣದ ದಾಸ್ತಾನು), ಬಿ12, ವಿಟಮಿನ್ ಡಿ, ಟಿಎಸ್‌ಎಚ್ (ಥೈರಾಯ್ಡ್), ಎಚ್‌ಬಿಎ1ಸಿ (ಸಕ್ಕರೆ), ಲಿವರ್ ಮತ್ತು ಕಿಡ್ನಿ ಟೆಸ್ಟ್. ಇಷ್ಟು ಸಾಕು. ಸಿಎಂಟಿ ಇದೆ ಎಂದ ಮಾತ್ರಕ್ಕೆ ಉಳಿದ ಕಾಯಿಲೆಗಳು ದೂರ ಇರುವುದಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ. 57 ಮಂದಿಗೆ ರಕ್ತಹೀನತೆ ಇತ್ತು. ಸಸ್ಯಾಹಾರಿಗಳಿಗೆ ಬಿ12 ಕೊರತೆ ಮಾಮೂಲು, ಅದು ನರಕ್ಕೂ ಪೆಟ್ಟು ಕೊಡುತ್ತದೆ. ಸಕ್ಕರೆ ಕಾಯಿಲೆಯೂ ಹಾಗೆಯೇ. ಮೊದಲೇ ಸೋತ ನರದ ಮೇಲೆ ಇನ್ನೊಂದು ಏಟು ಬೇಡ.

ಕಾಲಿನ ಚಡಪಡಿಕೆ ಇರುವವರು ಫೆರಿಟಿನ್ ಅಂಕಿಯನ್ನು ಬರೆದಿಟ್ಟುಕೊಳ್ಳಿ. ಲ್ಯಾಬ್ ರಿಪೋರ್ಟಿನಲ್ಲಿ "ನಾರ್ಮಲ್" ಎಂದು ಬಂದರೂ 75ರ ಒಳಗಿದ್ದರೆ, ಚಡಪಡಿಕೆಗಾಗಿ ಕಬ್ಬಿಣದ ಮಾತ್ರೆ ಕೊಡಬೇಕೇ ಎಂದು ವೈದ್ಯರು ಯೋಚಿಸುತ್ತಾರೆ.

ಹಂತ 3: ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ ಮುಂದೆ ಹರಡಿಕೊಳ್ಳಿ

ತುಂಬ ಜನ ಬಿಟ್ಟುಬಿಡುವ ಹಂತ ಇದು. ಹೆಚ್ಚು ಸಿಗುವುದೂ ಇಲ್ಲೇ.

ನರದ ನೋವಿಗೆ ಕೊಡುವ ಪ್ರೀಗಾಬಾಲಿನ್, ಗಾಬಾಪೆಂಟಿನ್, ಅಮಿಟ್ರಿಪ್ಟಿಲಿನ್ ಮೂರೂ ನಿದ್ದೆ ತರುತ್ತವೆ. ಟ್ರಮಡಾಲ್ ಇರುವ ನೋವಿನ ಮಾತ್ರೆಯೂ ತರುತ್ತದೆ. ನೆಗಡಿಗೆಂದು ನುಂಗುವ ಸೆಟಿರಿಜಿನ್ ಕೂಡ ಅದೇ ಸಾಲಿನದು. ಅಮಿಟ್ರಿಪ್ಟಿಲಿನ್ ಕಾಲಿನ ಚಡಪಡಿಕೆಯನ್ನು ಜಾಸ್ತಿ ಮಾಡಲೂಬಹುದು. ಬೆಳಗ್ಗೆ ನಿದ್ದೆ ತರುವ ಮಾತ್ರೆ, ಅದನ್ನು ಓಡಿಸಲು ಇನ್ನೊಂದು ಮಾತ್ರೆ ಎಂದರೆ ಯಾವ ಲೆಕ್ಕ? ಬೆಳಗಿನ ಡೋಸ್ ರಾತ್ರಿಗೆ ಸರಿಸಬಹುದೇ, ಡೋಸ್ ಇಳಿಸಬಹುದೇ, ಕಡಿಮೆ ಮಂಪರು ತರುವ ಡುಲೋಕ್ಸೆಟಿನ್‌ನಂಥದಕ್ಕೆ ಬದಲಾಯಿಸಬಹುದೇ ಎಂದು ಕೇಳಿ. ನೀವೇ ನಿಲ್ಲಿಸಬೇಡಿ. ಪ್ರೀಗಾಬಾಲಿನ್ ದಿಢೀರ್ ನಿಲ್ಲಿಸಿದರೆ ಬೆವರು, ಕಳವಳ, ನಿದ್ದೆಗೇಡು, ಕೆಲವರಿಗೆ ಫಿಟ್ಸ್ ಕೂಡ ಬರಬಹುದು.

ಜೊತೆಗೆ ಒಂದು ಮಾತು. ನಮ್ಮಲ್ಲಿ "ನರದ ಮಾತ್ರೆ" ಎಂದು ಮಾರುವ ಮೀಥೈಲ್‌ಕೊಬಾಲಮಿನ್ ಮಿಶ್ರಣಗಳಲ್ಲಿ ಬಿ6, ಅಂದರೆ ಪಿರಿಡಾಕ್ಸಿನ್, ಸೇರಿರುವುದು ಸಾಮಾನ್ಯ. ಬಿ6 ಅತಿಯಾದರೆ ಅದೇ ನರಕ್ಕೆ ಹಾನಿ ಮಾಡುತ್ತದೆ. ಎರಡು ಮೂರು ಡಾಕ್ಟರು ಬರೆದ ಎರಡು ಮೂರು ಮಾತ್ರೆಗಳಲ್ಲಿ ಅದು ಇದ್ದರೆ ಒಟ್ಟು ಎಷ್ಟಾಯಿತು ಎಂದು ಸ್ಟ್ರಿಪ್‌ನ ಹಿಂಬದಿ ಓದಿ ಕೂಡಿಸಿ. ಟಿಬಿಗೆ ಐಸೋನಿಯಾಜಿಡ್ ನುಂಗುವವರಿಗೆ ಬಿ6 ಕೊಡುವುದು ಬೇರೆ ಕಾರಣಕ್ಕೆ, ಅದನ್ನು ಬಿಡಬೇಡಿ.

ಹಂತ 4: ರಾತ್ರಿಯನ್ನು ಪರೀಕ್ಷಿಸಿ

ಗೊರಕೆ ಇದೆಯೇ, ಮಧ್ಯೆ ಉಸಿರು ನಿಲ್ಲುತ್ತದೆಯೇ ಎಂದು ಪಕ್ಕದಲ್ಲಿ ಮಲಗುವವರನ್ನು ಕೇಳಿ. ನಿಮಗೆ ಅದು ಗೊತ್ತಾಗುವುದಿಲ್ಲ. ಎಪ್‌ವರ್ತ್ ಅಂಕ 10 ದಾಟಿದ್ದು, ಗೊರಕೆಯೂ ಇದ್ದರೆ ಸ್ಲೀಪ್ ಸ್ಟಡಿ ಮಾಡಿಸಿಕೊಳ್ಳಲೇಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ದೊಡ್ಡ ಆಸ್ಪತ್ರೆಗಳಲ್ಲೂ ಈ ಪರೀಕ್ಷೆ ಮಾಡುತ್ತಾರೆ. ಉಸಿರು ಕಟ್ಟುವುದು ಖಚಿತವಾದರೆ ಮುಖವಾಡದ ಮೂಲಕ ಗಾಳಿ ಒತ್ತಿ ಉಸಿರಿನ ದಾರಿ ತೆರೆದಿಡುವ ಸಿಪ್ಯಾಪ್ ಯಂತ್ರವೇ ಮದ್ದು. ಮೊಡಾಫಿನಿಲ್ ಅದರ ಬದಲಿಗೆ ಅಲ್ಲ. ಸಿಪ್ಯಾಪ್ ಹಾಕಿಕೊಂಡು ಮಲಗಿದರೂ ಉಳಿಯುವ ತೂಕಡಿಕೆಗೆ ಮಾತ್ರ ಅದನ್ನು ಸೇರಿಸುತ್ತಾರೆ.

ಇನ್ನೊಂದು ಸಂಗತಿಯನ್ನು ಸಿಎಂಟಿ ಇರುವವರು ವಿಶೇಷವಾಗಿ ಗಮನಿಸಬೇಕು. ಕೆಲವರಲ್ಲಿ ಉಸಿರಾಟದ ಮುಖ್ಯ ಸ್ನಾಯುವಾದ ವಪೆಗೆ, ಅಂದರೆ ಡಯಾಫ್ರಾಮಿಗೆ, ಹೋಗುವ ನರವೂ ಸೋತಿರುತ್ತದೆ. ಅಂಗಾತ ಮಲಗಿದರೆ ಏದುಸಿರು, ಬೆಳಗ್ಗೆ ಏಳುತ್ತಲೇ ತಲೆನೋವು, ದಿನವಿಡೀ ಮಂಕು. ಇವು ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಉಳಿದುಕೊಳ್ಳುತ್ತಿರುವ ಲಕ್ಷಣ ಇರಬಹುದು. ಅವರಿಗೆ ಕೂತು ಒಮ್ಮೆ, ಮಲಗಿ ಒಮ್ಮೆ ಶ್ವಾಸಕೋಶದ ಪರೀಕ್ಷೆ ಬೇಕು. ಸಿಪ್ಯಾಪ್ ಬದಲು, ಉಸಿರೆಳೆಯಲು ಬಿಡಲು ಬೇರೆ ಬೇರೆ ಒತ್ತಡ ಕೊಡುವ ಬೈಪ್ಯಾಪ್ ಯಂತ್ರ ಬೇಕಾಗಬಹುದು. ಇಂಥವರು ನಿದ್ದೆ ಮಾತ್ರೆ ಮತ್ತು ಮದ್ಯದಿಂದ ದೂರ ಇರಬೇಕು. ಇವರಿಗೆ ಉಸಿರಾಟ ನೋಡದೆ ಎಚ್ಚರದ ಮಾತ್ರೆ ಮಾತ್ರ ಕೊಟ್ಟರೆ ತೊಂದರೆ ಒಳಗೊಳಗೇ ಬೆಳೆಯುತ್ತದೆ.

ಕಾಫಿ ಬಗ್ಗೆ ಉಪದೇಶ ಮಾಡುವುದಿಲ್ಲ. ಕೆಫೀನಿನ ಅರ್ಧಭಾಗ ಮೈಯಿಂದ ಹೋಗಲು ಸುಮಾರು 5 ಗಂಟೆ ಬೇಕು. ಸಂಜೆ ಆರರ ಫಿಲ್ಟರ್ ಕಾಫಿ ರಾತ್ರಿ ಹನ್ನೊಂದಕ್ಕೂ ಅರ್ಧ ಉಳಿದಿರುತ್ತದೆ.

ಹಂತ 5: ಮೈಯ ಖರ್ಚು ಇಳಿಸಿ

ನೋಟ್‌ಬುಕ್ಕಿನಲ್ಲಿ ಸ್ನಾಯುಗಳ ಸೋಲೇ ಎದ್ದು ಕಂಡಿದ್ದರೆ ನಿಮ್ಮ ಮುಖ್ಯ ಮದ್ದು ಇಲ್ಲಿದೆ. ಮುಂಗಾಲನ್ನು ಎತ್ತಿ ಹಿಡಿಯುವ ಎಎಫ್‌ಓ ಸ್ಪ್ಲಿಂಟ್ ಹೊಂದಿಕೊಂಡರೆ ಪ್ರತಿ ಹೆಜ್ಜೆಯ ಶ್ರಮ ಕಡಿಮೆಯಾಗುತ್ತದೆ. ನಮ್ಮಲ್ಲಿ ತೊಡಕೆಂದರೆ ಮನೆಯೊಳಗೂ ದೇವಸ್ಥಾನದಲ್ಲೂ ಚಪ್ಪಲಿ ಬಿಡುವ ರೂಢಿ. ಸ್ಪ್ಲಿಂಟ್ ಶೂ ಒಳಗೆ ಕೂರುವಂಥದ್ದು, ಹಾಗಾಗಿ ಮನೆಯಲ್ಲಿ ಜನ ಬಿಚ್ಚಿಟ್ಟುಬಿಡುತ್ತಾರೆ. ಎಡವಿ ಬೀಳುವುದೂ ಅಡುಗೆಮನೆ, ಬಚ್ಚಲಿನಲ್ಲೇ. ಒಂದು ಜೊತೆ ಶೂ ಮನೆಯೊಳಗಿಗೆಂದೇ ಇಟ್ಟುಕೊಳ್ಳಿ, ಹಿರಿಯರಿಗೆ ಕಾರಣ ಹೇಳಿ.

ಅಡುಗೆಗೆ ಎತ್ತರದ ಸ್ಟೂಲ್, ಮೆಟ್ಟಿಲ ಕೆಲಸ ಒಟ್ಟಿಗೆ ಒಂದೇ ಸಲ, ಮಧ್ಯಾಹ್ನ 20 ನಿಮಿಷದ ಸಣ್ಣ ನಿದ್ದೆ. ವ್ಯಾಯಾಮ ಬಿಡಬೇಡಿ. ಸೈಕಲ್, ಈಜು ಮುಂತಾದ ಹಗುರ ವ್ಯಾಯಾಮ ಸುರಕ್ಷಿತ, ದಮ್ಮನ್ನೂ ಹೆಚ್ಚಿಸುತ್ತದೆ. ಮರುದಿನವೂ ಕಾಲು ಎತ್ತಲಾಗದಷ್ಟು ಮಾಡಿದರೆ ಅತಿಯಾಯಿತು. ಮನಸ್ಸು ಕುಗ್ಗಿದ್ದರೆ ಅದನ್ನೂ ಡಾಕ್ಟರಿಗೆ ಹೇಳಿ. ಖಿನ್ನತೆಯ ಮುಖವೂ ಎಷ್ಟೋ ಸಲ ಬರೀ ಸುಸ್ತು.

ಹಂತ 6: ಮೊಡಾಫಿನಿಲ್ ಬಗ್ಗೆ ಗೊತ್ತಿರಬೇಕಾದ್ದು

ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 1998ರಲ್ಲಿ ಇದಕ್ಕೆ ಒಪ್ಪಿಗೆ ಕೊಟ್ಟಿದ್ದು ನಾರ್ಕೊಲೆಪ್ಸಿಗೆ, ಅಂದರೆ ಹಗಲಲ್ಲಿ ತಡೆಯಲಾಗದಂತೆ ನಿದ್ದೆ ಬರುವ ಕಾಯಿಲೆಗೆ. ಆಮೇಲೆ ಸ್ಲೀಪ್ ಆಪ್ನಿಯಾದಲ್ಲಿ (ನಿದ್ದೆಯಲ್ಲಿ ಉಸಿರು ಕಟ್ಟುವುದು) ಉಳಿಯುವ ತೂಕಡಿಕೆ, ಪಾಳಿ ಕೆಲಸದವರ ನಿದ್ದೆ ತೊಂದರೆ ಸೇರಿದವು. ಯುರೋಪಿನ ಔಷಧ ಸಂಸ್ಥೆ 2010ರ ಪರಿಶೀಲನೆಯ ನಂತರ ನಾರ್ಕೊಲೆಪ್ಸಿಗೆ ಮಾತ್ರ ಉಳಿಸಿಕೊಳ್ಳಲು ಹೇಳಿತು. ಸಿಎಂಟಿ ಯಾವ ಪಟ್ಟಿಯಲ್ಲೂ ಇಲ್ಲ. ಡಾಕ್ಟರು ಬರೆದರೆ ಅದು ಅವರ ವಿವೇಚನೆಯ ಮೇಲೆ.

ಪುರಾವೆ ಎಷ್ಟಿದೆ? ತೀರಾ ಕಡಿಮೆ. 2006ರಲ್ಲಿ ಅಮೆರಿಕದ ವೈದ್ಯರು ಸಿಎಂಟಿ 1ಎ ಇದ್ದ ನಾಲ್ವರಿಗೆ ಕೊಟ್ಟು ಸುಸ್ತು ಕಡಿಮೆಯಾಯಿತೆಂದು ವರದಿ ಮಾಡಿದರು. ನಾಲ್ಕೇ ಜನ, ಹೋಲಿಸಲು ಬೇರೆ ಗುಂಪಿಲ್ಲ. ಅದಕ್ಕಿಂತ ಪಾಠ ಕಲಿಸುವಂಥದ್ದು ಇನ್ನೊಂದು ನರದ ಕಾಯಿಲೆಯಾದ ಮಲ್ಟಿಪಲ್ ಸ್ಕ್ಲೆರೋಸಿಸ್‌ನಲ್ಲಿ ನಡೆದು 2021ರಲ್ಲಿ ಪ್ರಕಟವಾದ ಪ್ರಯೋಗ. ಅಮಾಂಟಡಿನ್, ಮೊಡಾಫಿನಿಲ್, ಮೀಥೈಲ್‌ಫೆನಿಡೇಟ್ ಮೂರನ್ನೂ ಸಪ್ಪೆ ಮಾತ್ರೆಯೊಂದಿಗೆ (ಔಷಧವೇ ಇಲ್ಲದ ಮಾತ್ರೆ) ಹೋಲಿಸಿದರು. ಸುಸ್ತಿನ ಮಟ್ಟಿಗೆ ಮೂರೂ ಗೆಲ್ಲಲಿಲ್ಲ, ಅಡ್ಡ ಪರಿಣಾಮ ಮಾತ್ರ ಹೆಚ್ಚಿತು. ಆದರೆ ಹಗಲಿನ ತೂಕಡಿಕೆಯೂ ಜಾಸ್ತಿ ಇದ್ದವರನ್ನು ಬೇರೆಯಾಗಿ ನೋಡಿದಾಗ ಮೊಡಾಫಿನಿಲ್‌ನಿಂದ ಪ್ರಯೋಜನದ ಸುಳಿವು ಸಿಕ್ಕಿತು. ಮೊದಲ ಹಂತದ ನೋಟ್‌ಬುಕ್ಕಿಗೆ ನಾನು ಅಷ್ಟು ಒತ್ತು ಕೊಟ್ಟಿದ್ದು ಇದಕ್ಕೇ.

ಮೊಡಾಫಿನಿಲ್ ನಿದ್ದೆಯ ಸಾಲ ತೀರಿಸುವುದಿಲ್ಲ, ಸಾಲ ಕೊಟ್ಟವನನ್ನು ಬಾಗಿಲಲ್ಲೇ ನಿಲ್ಲಿಸಿಕೊಂಡಿರುತ್ತದೆ ಅಷ್ಟೇ. ಪರೀಕ್ಷೆಗೆ ಓದುವ ಹುಡುಗರೂ ರಾತ್ರಿ ಪಾಳಿಯ ಐಟಿಯವರೂ ಚೀಟಿ ಇಲ್ಲದೆ ತರಿಸಿಕೊಂಡು ನುಂಗುವುದು ನೋಡಿದರೆ ಭಯವಾಗುತ್ತದೆ.

ಡಾಕ್ಟರಿಗೆ ಮರೆಯದೆ ಹೇಳಬೇಕಾದ್ದು: ಹೃದಯದ ತೊಂದರೆ, ಬಿಪಿ, ಲಿವರ್ ಕಾಯಿಲೆ, ಹಿಂದೆ ಮಾನಸಿಕ ಕಾಯಿಲೆ ಇದ್ದರೆ ಅದು, ಯಾವುದಾದರೂ ಮಾತ್ರೆಗೆ ಮೈಮೇಲೆ ದದ್ದು ಎದ್ದಿದ್ದರೆ ಅದು. ಲಿವರ್ ತೀವ್ರವಾಗಿ ಕೆಟ್ಟಿದ್ದರೆ ಡೋಸ್ ಅರ್ಧಕ್ಕೆ ಇಳಿಯುತ್ತದೆ. ವಾರ್ಫರಿನ್, ಫೆನಿಟಾಯಿನ್, ಡಯಾಜೆಪಾಮ್, ಪ್ರೊಪ್ರನಲಾಲ್, ಸೈಕ್ಲೋಸ್ಪೋರಿನ್ ನುಂಗುತ್ತಿದ್ದರೆ ಅವುಗಳ ಮಟ್ಟ ಏರುಪೇರಾಗಬಹುದು.

ಹೆಂಗಸರಿಗೆ ಎರಡು ಮುಖ್ಯ ವಿಷಯ. ಮಾಲಾ-ಡಿ, ಮಾಲಾ-ಎನ್ ಮುಂತಾದ ಗರ್ಭನಿರೋಧಕ ಮಾತ್ರೆಗಳ ಬಲವನ್ನು ಮೊಡಾಫಿನಿಲ್ ಕುಂದಿಸುತ್ತದೆ. ಅದನ್ನು ನಿಲ್ಲಿಸಿದ ಮೇಲೂ ಒಂದು ತಿಂಗಳು ಈ ಪರಿಣಾಮ ಇರುತ್ತದೆ. ಅಷ್ಟೂ ಕಾಲ ಕಾಪರ್-ಟಿ ಅಥವಾ ಕಾಂಡೋಮ್ ಬೇಕು. ಬಸುರಿಯಲ್ಲಿ ಮಗುವಿಗೆ ಅಂಗದೋಷದ ಅಪಾಯ ಕಂಡಿರುವುದರಿಂದ, ಮಗು ಬೇಕೆಂದಿರುವವರು ಇದನ್ನು ಶುರು ಮಾಡಬಾರದು.

ಹಂತ 7: ಶುರು ಮಾಡುವುದು

ಅಂಗಡಿಗಳಲ್ಲಿ ಮೋಡಲರ್ಟ್ ಮುಂತಾದ ಹೆಸರಿನಲ್ಲಿ 100 ಮತ್ತು 200 ಮಿಲಿಗ್ರಾಂ ಮಾತ್ರೆಗಳು ಸಿಗುತ್ತವೆ, ಡಾಕ್ಟರ ಚೀಟಿ ಬೇಕು. ಅದರ ತಮ್ಮನಂತಿರುವ ಆರ್ಮೊಡಾಫಿನಿಲ್ ವಾಕ್ಲರ್ಟ್ ಎಂಬ ಹೆಸರಿನಲ್ಲಿದೆ. ಎರಡರ ಮಿಲಿಗ್ರಾಂ ಒಂದೇ ಅಲ್ಲ, ಅದಲು ಬದಲು ಮಾಡಿಕೊಳ್ಳಬೇಡಿ. ನಾರ್ಕೊಲೆಪ್ಸಿಗೆ ದಿನಕ್ಕೆ ಒಮ್ಮೆ 200 ರೂಢಿಯ ಡೋಸ್. ಸಿಎಂಟಿಯವರಿಗೆ 100ರಿಂದ ಶುರು ಮಾಡಿ ನೋಡುವುದು ಒಳ್ಳೆಯದು ಎಂದು ನನ್ನ ಅನಿಸಿಕೆ, ಇದನ್ನು ಡಾಕ್ಟರ ಜೊತೆ ಮಾತಾಡಿ.

ಬೆಳಗ್ಗೆ ಎದ್ದ ಕೂಡಲೇ ನುಂಗಿ. ಎರಡರಿಂದ ನಾಲ್ಕು ಗಂಟೆಯಲ್ಲಿ ರಕ್ತದಲ್ಲಿ ಮೇಲಿನ ಮಟ್ಟ ಮುಟ್ಟುತ್ತದೆ. ತಿಂಡಿಯ ಜೊತೆ ನುಂಗಿದರೆ ಸುಮಾರು ಒಂದು ಗಂಟೆ ತಡ, ಆದರೆ ಹೊಟ್ಟೆ ತೊಳಸುವವರಿಗೆ ಅದೇ ಹಿತ. ಅರ್ಧಭಾಗ ಹೋಗಲು ಸುಮಾರು 15 ಗಂಟೆ ಬೇಕು. ಮಧ್ಯಾಹ್ನ ಎರಡಕ್ಕೆ ನುಂಗಿದರೆ ಮರುದಿನ ಬೆಳಗಿನ ಜಾವ ಐದಕ್ಕೂ ಅರ್ಧ ಮೈಯಲ್ಲೇ. ಹಾಗಾಗಿ ಬೆಳಗ್ಗೆ ಮರೆತರೆ ಆ ದಿನ ಬಿಟ್ಟುಬಿಡಿ.

ಮೊದಲ ವಾರ ಕಾಫಿ ಅರ್ಧ ಮಾಡಿ. ಎರಡೂ ಸೇರಿದರೆ ಎದೆ ಹೊಡೆದುಕೊಳ್ಳುವುದು, ಕೈ ನಡುಕ ಜಾಸ್ತಿ. ಸಿಎಂಟಿಯಲ್ಲಿ ಕೈ ನಡುಕ ಮೊದಲೇ ಇರುವವರೂ ಉಂಟು. ನೀರು ಚೆನ್ನಾಗಿ ಕುಡಿಯಿರಿ. ತಲೆನೋವು ಸಾಮಾನ್ಯ: ಪ್ರಯೋಗಗಳಲ್ಲಿ ನೂರರಲ್ಲಿ 34 ಮಂದಿಗೆ ಬಂದಿತ್ತು, ಸಪ್ಪೆ ಮಾತ್ರೆ ನುಂಗಿದವರಲ್ಲೂ 23 ಮಂದಿಗೆ. ಬಿಪಿಯನ್ನು ಶುರುವಿಗೆ ಮುಂಚೆ ಒಮ್ಮೆ, ಆಮೇಲೆ ವಾರಕ್ಕೊಮ್ಮೆ ನೋಡಿಸಿ. ಮಾತ್ರೆ ನಿಮ್ಮ ಮೇಲೆ ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿಯುವವರೆಗೆ ಗಾಡಿ ಓಡಿಸಬೇಡಿ.

ಎಚ್ಚರ ಇದೆ ಎಂದು ಕಾಲಿಗೆ ಬಲ ಬಂದಿರುವುದಿಲ್ಲ. ಇದು ಮುಖ್ಯ. ತಲೆ ಚುರುಕಾದ ಖುಷಿಯಲ್ಲಿ ದಿನವಿಡೀ ಓಡಾಡಿ ಸಂಜೆ ಬಿದ್ದು ಪೆಟ್ಟಾಗುವುದು ಸುಲಭ. ವಿರಾಮದ ಹೊತ್ತನ್ನು ಮೊದಲಿನಂತೆಯೇ ಇಟ್ಟುಕೊಳ್ಳಿ.

ಯಾವಾಗ ತಕ್ಷಣ ನಿಲ್ಲಿಸಬೇಕು

ಮೈಮೇಲೆ ದದ್ದು, ಬಾಯಲ್ಲಿ ಹುಣ್ಣು, ಕಣ್ಣು ಕೆಂಪು, ಚರ್ಮ ಸುಲಿಯುವುದು, ಜ್ವರದ ಜೊತೆ ಮುಖ ಊದುವುದು. ಇವುಗಳಲ್ಲಿ ಯಾವುದೇ ಕಂಡರೂ ಮುಂದಿನ ಮಾತ್ರೆ ನುಂಗಬೇಡಿ, ಅದೇ ದಿನ ಆಸ್ಪತ್ರೆಗೆ ಹೋಗಿ. ಸ್ಟೀವನ್ಸ್-ಜಾನ್ಸನ್ ಎಂಬ ಪ್ರಾಣಾಪಾಯದ ಚರ್ಮದ ಪ್ರತಿಕ್ರಿಯೆ ಅಪರೂಪವಾಗಿ ಬರುತ್ತದೆ, ಹೆಚ್ಚಾಗಿ ಮೊದಲ ಐದು ವಾರಗಳಲ್ಲೇ. ಎದೆನೋವು, ಇಲ್ಲದ್ದು ಕೇಳಿಸುವುದು ಕಾಣಿಸುವುದು, ಅತಿಯಾದ ಉನ್ಮಾದ, ಸಾಯುವ ಯೋಚನೆ ಬಂದರೂ ಹೀಗೆಯೇ. ಮನೆಯವರಿಗೂ ಈ ಪಟ್ಟಿ ಗೊತ್ತಿರಲಿ.

ಹಂತ 8: ತಿಂಗಳಾದ ಮೇಲೆ ಲೆಕ್ಕ ನೋಡಿ

ಎಪ್‌ವರ್ತ್ ಮತ್ತು ಸುಸ್ತಿನ ಸ್ಕೇಲ್ ಎರಡನ್ನೂ ಮತ್ತೆ ತುಂಬಿ, ಹಳೆಯದರ ಪಕ್ಕ ಇಡಿ. ಎಪ್‌ವರ್ತ್ ಇಳಿದು ಕೆಲಸ ಸಲೀಸಾಗಿದ್ದರೆ ಮುಂದುವರಿಸುವ ಮಾತಾಡಿ. ಕೆಲವರಿಗೆ ದಿನಾಲೂ ಬೇಕಾಗುವುದಿಲ್ಲ, ಆಫೀಸಿಗೆ ಹೋಗುವ ದಿನ ಮಾತ್ರ ಸಾಕಾಗಬಹುದು. ಅಂಕ ಅಲ್ಲೇ ಇದ್ದರೆ ಡೋಸ್ ಏರಿಸುತ್ತಾ ಹೋಗುವುದಕ್ಕಿಂತ ನಿಲ್ಲಿಸುವುದು ಲೇಸು. ತೂಕಡಿಕೆ ಹೋಗಿ ಸುಸ್ತು ಉಳಿದಿದ್ದರೆ ಐದನೇ ಹಂತಕ್ಕೆ, ಸ್ಪ್ಲಿಂಟ್ ಮತ್ತು ಫಿಸಿಯೋಥೆರಪಿಗೆ ಮರಳಿ. ರಾತ್ರಿ ನಿದ್ದೆಯೇ ಹಾರಿಹೋಗಿದ್ದರೆ ಮಾತ್ರೆ ನಿಮಗೆ ಒಗ್ಗಿಲ್ಲ.

ಮುಂದುವರಿಸುವವರು ಮನೆಯ ಫೈಲಿನಲ್ಲಿ ಒಂದು ಹಾಳೆ ಇಡಿ. ಅದರಲ್ಲಿ ಸಿಎಂಟಿ ಎಂಬ ರೋಗದ ಹೆಸರು, ಈಗಿನ ಮಾತ್ರೆಗಳು, ನರಕ್ಕೆ ಹಾನಿ ಮಾಡುವ ಔಷಧಗಳ ಹೆಸರು ಇರಲಿ. ಕ್ಯಾನ್ಸರಿಗೆ ಕೊಡುವ ವಿನ್‌ಕ್ರಿಸ್ಟಿನ್ ಅದರಲ್ಲಿ ಮೊದಲನೆಯದು. ಆಪರೇಷನ್ ಇದ್ದರೆ ಅರಿವಳಿಕೆ ಕೊಡುವ ಡಾಕ್ಟರಿಗೆ ಆ ಹಾಳೆ ತೋರಿಸಿ. ಪ್ಯಾರಾ ಕ್ರೀಡೆಗಳಲ್ಲಿ ಸ್ಪರ್ಧಿಸುವವರು ಗಮನಿಸಿ: ಸ್ಪರ್ಧೆಯ ಹೊತ್ತಿನಲ್ಲಿ ಮೊಡಾಫಿನಿಲ್ ನಿಷೇಧಿತ ಪಟ್ಟಿಯಲ್ಲಿದೆ, ಚಿಕಿತ್ಸೆಯ ವಿನಾಯಿತಿಗೆ ಮೊದಲೇ ಅರ್ಜಿ ಹಾಕಬೇಕು. ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಹೊರಟವರಿಗೂ ಒಂದು ಮಾತು. ಅಲ್ಲಿ ಇದು ನಿಯಂತ್ರಿತ ಔಷಧ. ಮಾತ್ರೆ ಸ್ಟ್ರಿಪ್‌ನಲ್ಲೇ ಇರಲಿ, ಡಬ್ಬಿಗೆ ಸುರಿದುಕೊಳ್ಳಬೇಡಿ, ಇಂಗ್ಲಿಷಿನಲ್ಲಿ ಬರೆದ ಚೀಟಿಯನ್ನು ಕೈಚೀಲದಲ್ಲೇ ಇಟ್ಟುಕೊಳ್ಳಿ.